ಮಾಡರೇಟರ್ ಎಲ್ವಿನ್ ಓದಿದ ಹೆಸರು

ನಮ್ಮ ಪೆನಿಮನ್ ಊರಿನ ಮತಪೆಟ್ಟಿಗೆ ಮರದ್ದು. ಮೇಲೊಂದು ಸೀಳು, ಪಕ್ಕದಲ್ಲೊಂದು ಹಿಡಿಕೆ. ಮಡಿಸಿದ ಮತಪತ್ರವನ್ನು ಸೀಳಿಗೆ ಕೊಟ್ಟು ಹಿಡಿಕೆ ತಿರುಗಿಸಿದರೆ ಅದು ಒಳಗೆ ಬೀಳುತ್ತದೆ, ಗಂಟೆ ಟಣ್ಣೆನ್ನುತ್ತದೆ, ಮುಂದಿರುವ ಅಂಕಿ ಒಂದು ಏರುತ್ತದೆ. ಒಮ್ಮೆ ಒಳಗೆ ಬಿದ್ದ ಮೇಲೆ ಅದು ಯಾರ ಮತ ಎಂದು ಹೇಳುವವರಿಲ್ಲ. ಎಲ್ಲ ಒಂದೇ ಕಾಗದ, ಒಂದೇ ಮಡಿಕೆ. ಆ ಪೆಟ್ಟಿಗೆಯ ಪಕ್ಕ ಇಪ್ಪತ್ತೆರಡು ವರ್ಷ ನಿಂತವರು ಎಲ್ವಿನ್ ವರ್ದೆನ್.

ಅವರು ನಮ್ಮೂರ ಮಾಡರೇಟರ್. ಚುನಾವಣೆ ನಡೆಸುವುದೂ ಮಾರ್ಚ್ ತಿಂಗಳ ಊರಸಭೆಯಲ್ಲಿ ಅಧ್ಯಕ್ಷನ ಸುತ್ತಿಗೆ ಹಿಡಿಯುವುದೂ ಅವರದೇ ಕೆಲಸ. ರಸ್ತೆಗೆಷ್ಟು, ಶಾಲೆಗೆಷ್ಟು, ಹಿಮ ತೆಗೆಯುವ ಗಾಡಿ ಹೊಸದು ಬೇಕೋ ಹಳೆಯದೇ ಸಾಕೋ, ಎಲ್ಲವನ್ನೂ ಊರಿನ ಜನ ಕೈಯೆತ್ತಿ ತೀರ್ಮಾನಿಸುವ ಸಭೆ ಅದು. ಹೊಟ್ಟೆಪಾಡಿಗೆ ಎಲ್ವಿನ್ ಶಾಲೆಯ ಬಸ್ಸು ಓಡಿಸುತ್ತಿದ್ದರು. ನನ್ನನ್ನೂ ಹನ್ನೆರಡು ವರ್ಷ ಅದೇ ಬಸ್ಸಿನಲ್ಲಿ ಕರೆದೊಯ್ದಿದ್ದಾರೆ. ಬಸ್ಸಿನಲ್ಲಿ ಗಲಾಟೆಯಾದರೆ ಕೂಗುತ್ತಿರಲಿಲ್ಲ. ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕೈಕಟ್ಟಿ ಕೂತುಬಿಡುತ್ತಿದ್ದರು. ಚಳಿಗೆ ನಾವೇ ಬಾಯಿ ಮುಚ್ಚುತ್ತಿದ್ದೆವು. ಊರಸಭೆಯಲ್ಲೂ ಅದೇ ಉಪಾಯ. ಒಂದು ಸಲ ಅವರ ಸ್ವಂತ ಅಣ್ಣನೇ ಸರದಿ ತಪ್ಪಿಸಿ ಎದ್ದು ಕೂಗಾಡಿದಾಗ, "ಕೂತ್ಕೊಳ್ಳೋ ಅಣ್ಣಾ. ನೀನು ಕೂರೋವರ್ಗೂ ನಾನೂ ಮಾತಾಡಲ್ಲ, ಊರೂ ಮಾತಾಡಲ್ಲ. ಮಧ್ಯಾಹ್ನದ ಊಟ ಮಾತ್ರ ಆರಿಹೋಗತ್ತೆ" ಎಂದು ಸುಮ್ಮನೆ ನಿಂತರು. ಅಣ್ಣ ಕೂತ.

ಚುನಾವಣೆಯ ದಿನ ಬೆಳಿಗ್ಗೆ ಎಂಟಕ್ಕೆ, ಎಲ್ಲರಿಗಿಂತ ಮೊದಲು ಬಂದ ಮತದಾರನ ಮುಂದೆ ಪೆಟ್ಟಿಗೆಯನ್ನು ಬೋರಲು ಹಾಕಿ, ತಟ್ಟಿ, ಖಾಲಿಯೆಂದು ತೋರಿಸುವರು. ಮಧ್ಯಾಹ್ನ ಒಂದು ಗಂಟೆಗೆ ಅಂಚೆ ಮತಗಳ ಸರದಿ. ಕಾಯಿಲೆಯವರು, ಪರವೂರಿಗೆ ಹೋದವರು ಮುಂಚೆಯೇ ಕಳಿಸಿದ ಲಕೋಟೆಗಳು ಅವು. ಒಂದೊಂದನ್ನೇ ಎತ್ತಿ, ಮೇಲಿನ ಹೆಸರನ್ನು ಇಡೀ ಸಭಾಂಗಣಕ್ಕೆ ಕೇಳುವಂತೆ ಓದಬೇಕು. ಯಾರಿಗಾದರೂ ಆಕ್ಷೇಪಣೆಯಿದ್ದರೆ ಆಗಲೇ ಹೇಳಬೇಕು. ಮೂರು ಉಸಿರಿನಷ್ಟು ಹೊತ್ತು ಕಾಯುವುದು ಎಲ್ವಿನ್ ಅವರ ಲೆಕ್ಕ. ಯಾರೂ ಮಾತಾಡದಿದ್ದರೆ ಸಹಿ ನೋಡಿ, ಲಕೋಟೆ ಒಡೆದು, ಒಳಗಿನ ಪತ್ರವನ್ನು ಬಿಡಿಸದೆ ಪೆಟ್ಟಿಗೆಗೆ ಹಾಕುವುದು. ಟಣ್.

ಸಹಿ ಇಲ್ಲದಿದ್ದರೆ ಒಡೆಯುವ ಮಾತೇ ಇಲ್ಲ. ಒಮ್ಮೆ ಅವರ ಭಾವಮೈದುನನ ಲಕೋಟೆಯಲ್ಲೇ ಸಹಿ ಇರಲಿಲ್ಲ. ಆತ ಎದುರಿಗಿದ್ದವರೆಲ್ಲರ ಅಚ್ಚುಮೆಚ್ಚಿನವನು. "ಹಾಕಿ ಎಲ್ವಿನ್, ಅವಂದೇ ಅಂತ ಎಲ್ಲರ್ಗೂ ಗೊತ್ತು" ಎಂದರು. ಎಲ್ವಿನ್ ಕಡ್ಡಿ ಮುರಿದ ಹಾಗೆ ಹೇಳಿದರು: "ಸಹಿ ಇಲ್ದಿದ್ದು ಮತ ಅಲ್ಲ, ಬರೀ ಕಾಗದ." ಆ ವರ್ಷ ಹೆಂಡತಿಯ ತವರಿನಲ್ಲಿ ಅವರಿಗೆ ಹಬ್ಬದ ಊಟ ಸಿಗಲಿಲ್ಲವಂತೆ.

ಹೆಂಡತಿ ಬ್ಯೂಲಾ. ನಲವತ್ತೊಂದು ವರ್ಷದ ಸಂಸಾರ, ಮಕ್ಕಳಿಲ್ಲ. ಇಬ್ಬರೂ ಒಟ್ಟಿಗೇ ಮತ ಹಾಕಲು ಬರುವರು, ಬೇರೆ ಬೇರೆ ಪರದೆಯ ಹಿಂದೆ ಹೋಗುವರು, ಹೊರಗೆ ಬಂದು ಚರ್ಚಿನ ಹೆಂಗಸರು ಮಾರುವ ಕೋಳಿ ಪೈ ತಿನ್ನುತ್ತ ಹವೆಯ ಬಗ್ಗೆ ಮಾತಾಡುವರು. ಯಾರು ಯಾರಿಗೆ ಹಾಕಿದರೆಂದು ಒಬ್ಬರನ್ನೊಬ್ಬರು ಒಮ್ಮೆಯೂ ಕೇಳಿದವರಲ್ಲ. "ಒಂದೇ ಹಾಸಿಗೆ, ಒಂದೇ ಟೂತ್‌ಪೇಸ್ಟು. ಅದೊಂದಾದ್ರೂ ನನ್ನದೂ ಅಂತ ಇರ್ಲಿ ಬಿಡೇ" ಎಂದು ಬ್ಯೂಲಾ ನನಗೆ ಹೇಳಿದ್ದುಂಟು.

ಸಾವಿರದ ಒಂಬೈನೂರ ಎಂಬತ್ತಾರು. ನನಗೆ ಮೂವತ್ತೆಂಟು. ಮತಪತ್ರ ಕೊಡುವ ಮೇಜಿನಲ್ಲಿ ಕೂರುವ ಕೆಲಸ ನನ್ನದು. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನಮ್ಮ ಶಾಸನಸಭೆ ದೊಡ್ಡದು. ಅಂಗೈಯಗಲದ ರಾಜ್ಯಕ್ಕೆ ಕೆಳಮನೆಯಲ್ಲೇ ನಾನೂರು ಜನ. ಬೀದಿಗೊಬ್ಬ ಶಾಸಕ ಎಂದು ಪಕ್ಕದ ರಾಜ್ಯದವರು ನಗುತ್ತಾರೆ. ಸಂಬಳ ಎರಡು ವರ್ಷಕ್ಕೆ ಇನ್ನೂರು ಡಾಲರ್. ನಮ್ಮ ಮುತ್ತಜ್ಜಂದಿರು ಗೊತ್ತುಮಾಡಿದ್ದು, ಇವತ್ತಿಗೂ ಒಂದು ಸೆಂಟು ಏರಿಲ್ಲ. ಸಮುದ್ರದಾಚೆಯ ರಾಜ ಕಳಿಸುತ್ತಿದ್ದ ಗವರ್ನರುಗಳಿಂದ ಬೇಸತ್ತವರು ಬರೆದ ಸಂವಿಧಾನ. ಗವರ್ನರನಿಗೆ ಎರಡೇ ವರ್ಷ, ಅವನ ಪಕ್ಕ ಕಾವಲಿಗೆ ಐದು ಜನರ ಮಂಡಳಿ, ಮೇಲೆ ಈ ನಾನೂರು ಜನರ ಸಂತೆ. ಯಾರ ಕೈಗೂ ಪೂರ್ತಿ ಬೀಗದಕೈ ಕೊಡಬಾರದೆಂಬುದು ಹಿರಿಯರ ಹಟ. ಆ ನಾನೂರರಲ್ಲಿ ಒಂದು ಕುರ್ಚಿ ಪೆನಿಮನ್‌ನದು.

ಆ ವರ್ಷ ಆ ಕುರ್ಚಿಗೆ ಇಬ್ಬರು ನಿಂತಿದ್ದರು. ಶಾಲೆಯ ನರ್ಸ್ ಕೋರಾ ಪೈಕ್, ಮತ್ತು ಜಲ್ಲಿ ವ್ಯಾಪಾರದ ಅರ್ಮಾಂಡ್ ಲಬ್ರೆಕ್. ನಮ್ಮೂರ ಹಳೆಯ ಕಲ್ಲುಗಣಿಯಲ್ಲಿ ಕಸ ಸುಟ್ಟ ಬೂದಿ ಸುರಿಯಲು ಒಂದು ಕಂಪನಿ ಹೊಂಚುಹಾಕುತ್ತಿತ್ತು. ಊರು ಒಪ್ಪದೆ ಸುರಿಯಬಾರದೆಂಬ ಮಸೂದೆಯನ್ನು ತರುತ್ತೇನೆಂದು ಕೋರಾ. ಬೂದಿ ಬಂದರೆ ಊರಿಗೆ ತೆರಿಗೆ ಇಳಿಯುತ್ತದೆಂದು ಅರ್ಮಾಂಡ್. ನನ್ನ ಮನೆ ಗಣಿಯ ರಸ್ತೆಯಲ್ಲೇ ಇದೆ, ಕುಡಿಯುವ ನೀರು ಬಾವಿಯದು. ಹಾಗಾಗಿ ನನ್ನ ಮನಸ್ಸು ಯಾವ ಕಡೆಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಬ್ಯೂಲಾಗೆ ವರ್ಷದಿಂದ ಎದೆಯ ಕಾಯಿಲೆ. ಅಕ್ಟೋಬರ್ ಕೊನೆಯಲ್ಲಿ ಊರಿನ ಕ್ಲರ್ಕ್ ಹೇಝಲ್ ಕಳಿಸಿದ ಅಂಚೆ ಮತಪತ್ರವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಗಂಡನಿಗೆ, "ನೀವು ಆಚೆ ಹೋಗ್ರಿ" ಎಂದರಂತೆ. ಎಲ್ವಿನ್ ಕೋಳಿಗೂಡಿನ ಬಳಿ ಚಳಿಯಲ್ಲಿ ನಿಂತರು. ಗುರುತು ಹಾಕಿ, ಮಡಿಸಿ, ಲಕೋಟೆ ಅಂಟಿಸಿ, ನಡುಗುವ ಕೈಯಲ್ಲಿ ಸಹಿ ಮಾಡಿ, ಆಮೇಲೆ ಕಿಟಕಿಯ ಗಾಜು ತಟ್ಟಿ ಕರೆದರು. ಆ ಲಕೋಟೆಯನ್ನು ಎಲ್ವಿನ್ ತಾವೇ ಹೇಝಲ್ ಕೈಗೆ ಮುಟ್ಟಿಸಿದರು.

ಚುನಾವಣೆ ಮಂಗಳವಾರ. ಬ್ಯೂಲಾ ಭಾನುವಾರ ಬೆಳಿಗ್ಗೆ ತೀರಿಕೊಂಡರು.

ಬೇರೆ ಯಾರನ್ನಾದರೂ ಒಂದು ದಿನಕ್ಕೆ ನಿಲ್ಲಿಸಿ ಎಂದು ಎಲ್ಲರೂ ಹೇಳಿದೆವು. "ಮನೇಲಿ ಕೂತು ಏನ್ಮಾಡ್ಲಿ? ಅವಳ ಕುರ್ಚಿ ನೋಡ್ತಾ ಕೂರ್ಲಾ?" ಎಂದರು. ಮಂಗಳವಾರ ಇಸ್ತ್ರಿ ಮಾಡಿದ ಅಂಗಿ, ಅದೇ ಹಳೆಯ ಟೈ. ಪೆಟ್ಟಿಗೆ ಬೋರಲು ಹಾಕಿ ತಟ್ಟಿದರು. ಹೊರಗೆ ಹಿಮ ಬೆರೆತ ಮಳೆ. ಬಂದವರೆಲ್ಲ ಅವರ ಕೈಹಿಡಿದು ಎರಡು ಮಾತಾಡಿ ಮುಂದೆ ಹೋದರು. ಗೊತ್ತಿರಲಿಲ್ಲವೆಂದು ಯಾರೂ ಹೇಳುವ ಹಾಗಿರಲಿಲ್ಲ. ಊರಿಗೆ ಊರೇ ತಿಳಿದ ಸಾವು ಅದು.

ಒಂದು ಗಂಟೆಗೆ ಹೇಝಲ್ ಮೂವತ್ತೆಂಟು ಲಕೋಟೆಗಳ ಕಟ್ಟನ್ನು ತಂದಿಟ್ಟಳು. ವರ್ಣಮಾಲೆಯ ಸಾಲಿನಲ್ಲಿ ಜೋಡಿಸಿದ್ದವು. ವರ್ದೆನ್ ಬರುವುದು ಕೊನೆಯ ಹೊತ್ತಿಗೆ. ಸಭಾಂಗಣದಲ್ಲಿ ನಲವತ್ತು ಜನರಿದ್ದರು. ಮತದಾನದ ದಿನಕ್ಕೆ ಬದುಕಿಲ್ಲದವರ ಮತ ಎಣಿಕೆಗೆ ಸೇರುವುದಿಲ್ಲವೆಂದು ನಮ್ಮ ಕಾನೂನು. ಅದು ನನಗೆ ಗೊತ್ತು, ಹೇಝಲ್‌ಗೆ ಗೊತ್ತು, ಅದನ್ನು ನಮಗೆಲ್ಲ ಕಲಿಸಿದವರೇ ಎಲ್ವಿನ್. ಹೇಝಲ್ ಆ ಲಕೋಟೆಯನ್ನು ಮೊದಲೇ ತೆಗೆದಿಟ್ಟಿರುತ್ತಾಳೆಂದು ನಾನಂದುಕೊಂಡೆ. ಎಲ್ವಿನ್ ಅವರೇ ಬದಿಗಿಡುತ್ತಾರೆಂದು ಹೇಝಲ್ ಅಂದುಕೊಂಡಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

"ಬ್ಯೂಲಾ ಮೇ ವರ್ದೆನ್."

ಬೇರೆ ಹೆಸರುಗಳನ್ನು ಓದಿದಷ್ಟೇ ಗಟ್ಟಿಯಾಗಿ ಓದಿದರು. ಆಮೇಲೆ ತಲೆಯೆತ್ತಿ ನಮ್ಮನ್ನು ನೋಡಿದರು. ಒಂದು ಉಸಿರು. ಎರಡು. ಮೂರು. ಅಲ್ಲಿಗೆ ನಿಲ್ಲಲಿಲ್ಲ, ಹತ್ತು ಉಸಿರಿನಷ್ಟು ಹೊತ್ತು ನಿಂತರು. ಪೈ ಮಾರುವ ಹೆಂಗಸರು ಚಮಚ ಕೆಳಗಿಟ್ಟರು. ನಾನು ಅವರಿಂದ ಎರಡು ಮೊಳ ದೂರದಲ್ಲಿದ್ದೆ. ಪಾಪ, ಅವರ ಮುಖ ನೋಡಿ ಹೇಗೆ ಹೇಳಲಿ ಎನ್ನಿಸಿತು. ಬಾವಿಯ ನೆನಪೂ ಬಂತು, ಸುಳ್ಳು ಯಾಕೆ ಹೇಳಲಿ. ಬ್ಯೂಲಾ ಮತ್ತು ಕೋರಾ ಗೆಳತಿಯರು. ಆ ಲಕೋಟೆಯಲ್ಲಿ ಕೋರಾಗೊಂದು ಮತ ಇದ್ದೇ ಇದೆ ಎಂದು ಮನಸ್ಸಿನ ಮೂಲೆಯಲ್ಲಿ ಒಂದು ಇಲಿ ಕೆರೆಯಿತು. ನಾನು ಮೇಜಿನ ಮೇಲಿನ ಪೆನ್ಸಿಲನ್ನು ನೋಡುತ್ತ ಕೂತೆ. ನಲವತ್ತು ಜನರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಎಲ್ವಿನ್ ಲಕೋಟೆ ಒಡೆದರು, ಮಡಿಕೆಯನ್ನು ಸೀಳಿಗೆ ಕೊಟ್ಟರು, ಹಿಡಿಕೆ ತಿರುಗಿಸಿದರು.

ಟಣ್.

ಏಳಕ್ಕೆ ಬಾಗಿಲು ಮುಚ್ಚಿ ಎಣಿಸಿದೆವು. ಕೋರಾ ಪೈಕ್ ನಾನೂರ ಇಪ್ಪತ್ತೇಳು, ಅರ್ಮಾಂಡ್ ಲಬ್ರೆಕ್ ನಾನೂರ ಇಪ್ಪತ್ತಾರು. ಎರಡು ಸಲ ಎಣಿಸಿದರೂ ಅಷ್ಟೇ. ಎಲ್ವಿನ್ ಅದನ್ನು ಘೋಷಿಸಿ, ಕಾಗದಕ್ಕೆ ಸಹಿ ಹಾಕಿ, ಟೋಪಿ ಹಾಕಿಕೊಂಡು ಹೊರಟರು. ನಾನು ಕೋರಾಳನ್ನು ತಬ್ಬಿಕೊಂಡು ಕುಣಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಶುಕ್ರವಾರ ಬ್ಯೂಲಾರ ಮಣ್ಣಾಯಿತು. ಶನಿವಾರ ಹೇಝಲ್ ಫೋನು ಮಾಡಿದಳು. "ವೆರ್ನಾ, ಎಲ್ವಿನ್ ಒಂದು ಕಾಗದ ಬರ್ದು ನನ್ನ ಮುಂದೆ ಇಟ್ಟಿದಾರೆ ಕಣೇ. ರಾಜಧಾನಿಗೆ ಕಳಿಸ್ಬೇಕಂತೆ. ಸತ್ತವ್ರ ಮತ ಗೊತ್ತಿದ್ದೂ ಪೆಟ್ಟಿಗೆಗೆ ಹಾಕ್ದೆ ಅಂತ ಬರ್ದಿದಾರೆ. ಕೆಲಸಕ್ಕೂ ರಾಜೀನಾಮೆ. ನಿನ್ ಮಾತಾದ್ರೂ ಕೇಳ್ತಾರೇನೋ, ಹೋಗಿ ನೋಡು."

ಹೋದೆ. ಅವರು ಅಡುಗೆಮನೆಯಲ್ಲಿ ನೆರೆಹೊರೆಯವರು ತಂದಿಟ್ಟ ಬೀನ್ಸ್ ಕಾಳಿನ ಪಾತ್ರೆಗಳನ್ನು ತೊಳೆದು, ಯಾರ ಪಾತ್ರೆ ಯಾರದೆಂದು ಚೀಟಿ ಅಂಟಿಸುತ್ತಿದ್ದರು.

"ಎಲ್ವಿನ್, ಇದೆಲ್ಲ ಬೇಕಾ? ಒಂದು ಮತ. ಬ್ಯೂಲಾ ಬದುಕಿದ್ದಾಗ ಹಾಕಿದ್ದು. ಕಳ್ಳತನ ಏನಲ್ಲ."

"ಕಳ್ಳತನ ಅಂತ ನಾನೆಲ್ಲಂದೆ? ತಪ್ಪು ಅಂದೆ."

"ಕೋರಾ ಗತಿ ಏನು? ಅದು ಕಳೆದ್ರೆ ಇಬ್ರೂ ಸಮ ಆಗ್ತಾರೆ. ಬ್ಯೂಲಾ ಅವಳಿಗೇ ಹಾಕಿರೋದು."

"ನಿಂಗೆ ಗೊತ್ತಾ?"

"ಗೊತ್ತಿರೋದೇನು ಬಂತು, ಗೆಳತೀರಲ್ವಾ."

"ನಲವತ್ತೊಂದು ವರ್ಷ ಒಟ್ಟಿಗೆ ಮಲಗಿದೋನು ನಾನು, ನಂಗೇ ಗೊತ್ತಿಲ್ಲ. ನಿಂಗೆ ಹೆಂಗಮ್ಮ ಗೊತ್ತಾಯ್ತು?"

ನನಗೆ ರೇಗಿತು. ಊರಿಗೊಬ್ಬನೇ ಸಾಚಾ ಎಂದು ಮೆರೆಯಬೇಡಿ, ನಾಳೆ ಬೂದಿಯ ಲಾರಿ ನನ್ನ ಮನೆಯ ಮುಂದೆ ಹೋಗುತ್ತದೆ, ನಿಮ್ಮ ಮನೆಯ ಮುಂದಲ್ಲ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಹೆಂಡತಿಯನ್ನು ಹೂತು ಒಂದು ದಿನವಾದವರಿಗೆ! ಅವರು ಪಾತ್ರೆ ಒರೆಸಿ ಮುಗಿಸಿ ಕೂತರು.

"ವೆರ್ನಾ, ಆ ಲಕೋಟೆ ಬದಿಗಿಡ್ಬೇಕಾದ್ರೆ ಕಾರಣ ಹೇಳ್ಬೇಕು. ಜೋರಾಗಿ, ಎಲ್ಲರ್ಗೂ ಕೇಳೋ ಹಾಗೆ. ಬ್ಯೂಲಾ ಸತ್ತಿದಾಳೆ ಅಂತ. ಭಾನುವಾರದಿಂದ ಆ ಮಾತು ನನ್ ಬಾಯಿಂದ ಹೊರಟಿರ್ಲಿಲ್ಲ. ಡಾಕ್ಟ್ರು ಹೇಳಿದ್ರು, ಪಾದ್ರಿ ಹೇಳಿದ್ರು, ನಾನು ಹೇಳಿರ್ಲಿಲ್ಲ. ನಿಮ್ಮಲ್ಲಿ ಯಾರಾದ್ರೂ ಹೇಳ್ತೀರಿ ಅಂತ ಕಾದೆ. ಒಬ್ರು ಹೇಳಿದ್ರೆ ಸಾಕಿತ್ತು. ನೀನು ಅಲ್ಲೇ ಕೂತಿದ್ದೆ."

ನಾನು ಅಲ್ಲಿಂದ ಎದ್ದು ಬಂದೆ. ನನ್ನ ಮೇಲಿದ್ದ ಸಿಟ್ಟನ್ನು ಅವರ ಮೇಲೆ ಹೊರಿಸಿಯೇ ಬಂದೆ.

ಕಾಗದ ರಾಜಧಾನಿ ಕಾಂಕಾರ್ಡ್‌ಗೆ ಹೋಯಿತು. ಪೆಟ್ಟಿಗೆಯ ಪತ್ರಗಳನ್ನೆಲ್ಲ ಅಲ್ಲಿ ಮತ್ತೆ ಎಣಿಸಿದರು. ಅದೇ ನಾನೂರ ಇಪ್ಪತ್ತೇಳು, ಅದೇ ನಾನೂರ ಇಪ್ಪತ್ತಾರು. ಆ ರಾಶಿಯಲ್ಲಿ ಬ್ಯೂಲಾರ ಕಾಗದ ಇದ್ದೇ ಇತ್ತು, ಆದರೆ ಯಾವುದೆಂದು ದೇವರೇ ಹೇಳಬೇಕು. ನಮ್ಮ ಸಂವಿಧಾನದಲ್ಲಿ ಶಾಸಕರ ಆಯ್ಕೆ ಸರಿಯೋ ತಪ್ಪೋ ಎಂದು ಕೊನೆಗೆ ತೀರ್ಮಾನಿಸುವುದು ಶಾಸನಸಭೆಯ ಕೆಳಮನೆಯೇ. ಹಾಗಾಗಿ ಜನವರಿಯಲ್ಲಿ ಅವರ ಸಮಿತಿ ನಮ್ಮನ್ನು ಕರೆಯಿತು. ಹೇಝಲ್, ನಾನು, ಎಲ್ವಿನ್ ಮೂವರೂ ಒಂದೇ ಕಾರಿನಲ್ಲಿ ಹೋದೆವು. ಒಂದೂಕಾಲು ಗಂಟೆಯ ದಾರಿಯಲ್ಲಿ ಆಡಿದ ಮಾತೆಂದರೆ, ಗಾಜು ಸ್ವಲ್ಪ ಇಳಿಸು, ಏರಿಸು, ಅಷ್ಟೇ.

ಸಮಿತಿಯಲ್ಲಿ ಒಬ್ಬ ವಕೀಲ ಶಾಸಕ ಎಲ್ವಿನ್ ಅವರನ್ನು ನಯವಾಗಿ ಕೇಳಿದ: "ನೋಡಿ ಯಜಮಾನ್ರೇ, ನಿಮ್ಮ ಪತ್ನಿ ಯಾರಿಗೆ ಮತ ಹಾಕಿದ್ರು ಅಂತ ಒಂದು ಅಂದಾಜು ಹೇಳ್ಬಿಟ್ರೆ ನಮ್ಮೆಲ್ಲರ ಕೆಲಸ ಹಗುರ ಆಗತ್ತೆ."

ಎಲ್ವಿನ್ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಅವನನ್ನೇ ನೋಡಿದರು. ಬಸ್ಸು ನಿಲ್ಲಿಸಿ ಕೂರುತ್ತಿದ್ದ ಮುಖ ಅದು.

"ಅದನ್ನ ಕೇಳೋ ಹಕ್ಕು ಗಂಡ ಅನ್ನಿಸ್ಕೊಂಡ ನಂಗೇ ಇರ್ಲಿಲ್ಲ ಸ್ವಾಮಿ. ನಿಮಗೆಲ್ಲಿಂದ ಬಂತು?"

ಕೋಣೆಯಲ್ಲಿ ಯಾರೋ ಕೆಮ್ಮಿದರು. ವಕೀಲ ಕಾಗದ ತಿರುವಿದ. ಆ ಗಳಿಗೆಯಲ್ಲಿ ಅವರ ಮೇಲಿನ ನನ್ನ ಕೋಪ ಅರ್ಧ ಇಳಿಯಿತು. ಪೂರ್ತಿ ಇಳಿಯಿತೆಂದರೆ ಸುಳ್ಳಾಗುತ್ತದೆ.

ಪೆನಿಮನ್‌ನ ಕುರ್ಚಿ ಖಾಲಿ, ಮಾರ್ಚ್ ಎರಡನೆಯ ಮಂಗಳವಾರ ಊರಸಭೆಯ ದಿನವೇ ಮರುಚುನಾವಣೆ ಎಂದು ನಾನೂರು ಜನರ ಮನೆ ಗೊತ್ತುಮಾಡಿತು. ಕಾಗದ ಕಳಿಸಿದಾಗಿನಿಂದ ಊರು ಎಲ್ವಿನ್ ಅವರನ್ನು ನಡೆಸಿಕೊಂಡ ರೀತಿ ಹೇಳಿದರೆ ನಮ್ಮ ಮರ್ಯಾದೆಯೇ ಹೋಗುತ್ತದೆ. ಯಾರೂ ಬೈಯಲಿಲ್ಲ. ಅಂಚೆ ಕಚೇರಿಯಲ್ಲಿ ಅವರು ಬಂದರೆ ಮಾತು ನಿಲ್ಲುತ್ತಿತ್ತು. "ಬಂದ್ರಪ್ಪ ಧರ್ಮರಾಯರು" ಎಂದು ಬೆನ್ನ ಹಿಂದೆ ಪಿಸುಗುಟ್ಟುವರು. ತಿಂಗಳಿಗೊಮ್ಮೆ ಚರ್ಚಿನಲ್ಲಿ ನಡೆಯುವ ಬೀನ್ಸ್ ಕಾಳಿನ ರಾತ್ರಿಯೂಟದಲ್ಲಿ ಅವರ ಎರಡೂ ಪಕ್ಕದ ಕುರ್ಚಿ ಖಾಲಿ. ಅರ್ಮಾಂಡ್ ಒಬ್ಬನೇ ಒಂದು ಸಲ ಎದುರಿಗೆ ಹೋಗಿ ಕೂತು ಊಟ ಮಾಡಿದ. ಅದಕ್ಕೂ ಜನ, "ನೋಡಿದ್ರಾ, ಇಬ್ರೂ ಒಂದೇ" ಎಂದರು. ಕೋರಾ ನಾಲ್ಕು ಜನರೆದುರು, "ಅವ್ರು ಮಾಡಿದ್ದು ಸರೀನೇ" ಎಂದಳು, ಆದರೆ ಅವರ ಮನೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಫೆಬ್ರವರಿಯಲ್ಲಿ ಎಲ್ವಿನ್ ಮನೆಗೆ ಬೀಗ ಹಾಕಿ, ಕೋಳಿಗಳನ್ನು ಯಾರಿಗೋ ಕೊಟ್ಟು, ಮೇಯ್ನ್ ರಾಜ್ಯದಲ್ಲಿದ್ದ ತಂಗಿಯ ಮನೆಗೆ ಹೋದರು.

ಮಾಡರೇಟರ್ ಜಾಗ ಖಾಲಿಯಾದರೆ ತುಂಬುವ ಅಧಿಕಾರ ನಮ್ಮಲ್ಲಿ ಮತದಾರರ ಪಟ್ಟಿ ನೋಡಿಕೊಳ್ಳುವ ಮೂವರದು. ಅವರು ನನ್ನ ಹೆಸರು ಹೇಳಿದರು. ಬೇಡವೆಂದೆ. "ಇನ್ಯಾರಿದಾರೆ ಹೇಳು, ನಿಯಮ ಗೊತ್ತಿರೋಳು ನೀನೊಬ್ಳೇ" ಎಂದರು. ನಿಯಮ ಗೊತ್ತಿದ್ದವರು ಏನು ಮಾಡಿದ್ದೆವೆಂದು ಅವರಿಗೂ ಗೊತ್ತು. ಒಪ್ಪಿಕೊಂಡೆ.

ಮರುಚುನಾವಣೆಯಲ್ಲಿ ಕೋರಾ ಸೋತಳು, ಹತ್ತೊಂಬತ್ತು ಮತದಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಹೇಳಬೇಕಾಗಿರುವುದು ಅದಲ್ಲ. ಮುಂದಿನ ವರ್ಷ ಬೂದಿಯ ಲಾರಿಗಳು ಬಂದವು. ಈಗ ನಾನು ಕುಡಿಯುವ ನೀರನ್ನು ಅಂಗಡಿಯಿಂದ ತರುತ್ತೇನೆ. ಹೇಳಬೇಕಾಗಿರುವುದು ಆ ದಿನ ಮಧ್ಯಾಹ್ನ ಒಂದು ಗಂಟೆಯದು.

ಹೊರಗೆ ಹಿಮ ಕರಗಿ ಮೊಣಕಾಲುದ್ದ ಕೆಸರು. ಸಭಾಂಗಣ ತುಂಬ ಬೂಟುಗಳ ವಾಸನೆ. ನಾನು ಲಕೋಟೆಗಳನ್ನು ಓದುತ್ತ ಬಂದೆ. ಹೆಸರು, ಮೂರು ಉಸಿರು, ಸಹಿ, ಟಣ್. ಕೊನೆಯಿಂದ ಎರಡನೆಯದನ್ನು ಎತ್ತಿದಾಗ ಅಕ್ಷರ ನೋಡಿಯೇ ಯಾರದೆಂದು ತಿಳಿಯಿತು. ಬಸ್ಸಿನ ಬಾಗಿಲಿಗೆ ಅಂಟಿಸುತ್ತಿದ್ದ ಚೀಟಿಯ ಅದೇ ಉದ್ದನೆಯ ಅಕ್ಷರ.

"ಎಲ್ವಿನ್ ಜಾರ್ಜ್ ವರ್ದೆನ್."

ಬೆಂಚುಗಳಲ್ಲಿ ಸರಪರ ಸದ್ದಾಯಿತು. ಮೂರು ಉಸಿರು ಕಾದೆ. ಯಾರೂ ಆಕ್ಷೇಪಿಸಲಿಲ್ಲ. ಸಹಿಯ ಜಾಗ ನೋಡಿದೆ. ಗೆರೆಯ ಮೇಲೆ ಏನೂ ಇರಲಿಲ್ಲ.

ಹೇಝಲ್ ಬಗ್ಗಿ ನೋಡಿ ನನ್ನ ಕಿವಿಯಲ್ಲಿ, "ಮರ್ತಿರ್ಬೇಕು ಕಣೇ, ಪಾಪ. ವಿಳಾಸ ಅವ್ರೇ ಬರ್ದಿದಾರೆ ನೋಡು. ಅವ್ರದ್ದೇ" ಎಂದಳು. ಮೊದಲ ಬೆಂಚಿನವರಿಗೆ ಅದು ಕೇಳಿಸಿತು.

"ಹಾಕಮ್ಮ ವೆರ್ನಾ, ಎಲ್ವಿನ್ದು ತಾನೇ."

"ಮುದುಕ ಇಷ್ಟೆಲ್ಲ ಕಷ್ಟ ಪಟ್ಟಿದಾನೆ, ಅದಾದ್ರೂ ಬೀಳ್ಲಿ."

"ಹಾಕು, ಹಾಕು."

ಅಷ್ಟು ದಿನ ಪಕ್ಕದಲ್ಲಿ ಕೂರದವರಿಗೆ ಆ ಗಳಿಗೆಯಲ್ಲಿ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಬಾಗಿಲ ಬಳಿ ನಿಂತಿದ್ದ ಕೋರಾಳ ಮುಖವನ್ನು ನಾನು ನೋಡಲಿಲ್ಲ, ನೋಡಬಾರದೆಂದೇ ನೋಡಲಿಲ್ಲ. ಇಪ್ಪತ್ತೆರಡು ವರ್ಷ ಇದೇ ಗೆರೆಯನ್ನು ನೋಡಿದವರು ಸಹಿ ಮರೆಯುತ್ತಾರೆಯೇ? ಅವರು ದೂರದ ಊರಿನಲ್ಲಿ ಕೂತು, ಬಸ್ಸು ನಿಲ್ಲಿಸಿ, ಎಂಜಿನ್ ಆರಿಸಿ, ನಮ್ಮಲ್ಲಿ ಯಾರು ಮಾತಾಡುತ್ತಾರೆಂದು ಕಾಯುತ್ತಿದ್ದರು. ಲಕೋಟೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಹೇಳಿದೆ.

"ಸಹಿ ಇಲ್ಲ. ಇದು ಮತ ಅಲ್ಲ, ಬರೀ ಕಾಗದ. ತಿರಸ್ಕರಿಸಿದ್ದೇನೆ."

ಲಕೋಟೆಯ ಮೇಲೆ ಕಾರಣ ಬರೆದು, ಒಡೆಯದೆ ಬದಿಗಿಟ್ಟೆ. ಯಾರೋ, "ಕಲ್ಲೆದೆ" ಎಂದರು. ಮುಂದಿನ ಹೆಸರು ಓದಿದೆ.

ಏಪ್ರಿಲ್ ಕೊನೆಯಲ್ಲಿ ಎಲ್ವಿನ್ ಊರಿಗೆ ಮರಳಿದರು. ಮನೆಗೆ ಹೋಗುವ ಮೊದಲೇ ಅವರ ಹಳೆಯ ಟ್ರಕ್ಕು ನನ್ನ ಅಂಗಳದಲ್ಲಿ ನಿಂತಿತು. ಇಳಿದು, ಬಾಗಿಲು ಹಾಕದೆ ಅದಕ್ಕೇ ಒರಗಿ ನಿಂತರು. ತುಂಬ ಇಳಿದುಹೋಗಿದ್ದರು; ಅಂಗಿಯ ಕತ್ತುಪಟ್ಟಿಯೊಳಗೆ ಎರಡು ಬೆರಳು ತೂರುವಷ್ಟು ಜಾಗ.

"ನನ್ನ ಲಕೋಟೆ ಏನಾಯ್ತು?"

"ತಿರಸ್ಕರಿಸ್ದೆ."

"ಯಾರಾದ್ರೂ ಬೇಡ ಅಂದ್ರಾ?"

"ಎಲ್ರೂ ಹಾಕು ಅಂದ್ರು. ನಾನೇ ಹಾಕ್ಲಿಲ್ಲ." ಆಮೇಲೆ ಕೇಳಿದೆ: "ಬೇಕಂತಾನೇ ಬಿಟ್ರಿ ಅಲ್ವಾ?"

"ನಮ್ಮನೆಯಿಂದ ಒಂದು ಮತ ಜಾಸ್ತಿ ಹೋಗಿತ್ತು. ಅದಕ್ಕೆ ನಂದು ಕಳ್ದೆ." ಕೆಸರಿನ ಬೂಟನ್ನು ಟ್ರಕ್ಕಿನ ಮೆಟ್ಟಿಲಿಗೆ ಒರೆಸಿಕೊಂಡರು. "ಅದ್ರಿಂದ ಯಾವ್ದೂ ಸರಿಹೋಗಲ್ಲ, ಗೊತ್ತು."

ನವೆಂಬರಿನಿಂದ ನುಂಗಿಕೊಂಡಿದ್ದ ಮಾತು ಅಲ್ಲಿ ಹೊರಗೆ ಬಂತು. "ಎಲ್ವಿನ್, ಆವತ್ತು ನಾನು ಹೇಳ್ಬೇಕಿತ್ತು."

"ಹೂಂ. ಹೇಳ್ಬೇಕಿತ್ತು" ಎಂದರು. ಪರವಾಗಿಲ್ಲ ಬಿಡಮ್ಮ ಎನ್ನುತ್ತಾರೆಂದು ಕಾದೆ. ಎನ್ನಲಿಲ್ಲ. ಅಷ್ಟು ಸುಲಭಕ್ಕೆ ಬಿಡುವವರೂ ಅಲ್ಲ, ಬಿಡಬೇಕಾದ ಮಾತೂ ಅಲ್ಲ.

"ಈಗ ಹೇಳು" ಎಂದರು.

"ಈಗಾ?"

"ನೀನೀಗ ಮಾಡರೇಟರ್ ಅಲ್ವಾ? ಜೋರಾಗಿ ಹೇಳು. ಎಲ್ರಿಗೂ ಕೇಳೋ ಹಾಗೆ."

ಅಂಗಳದಲ್ಲಿ ನಾವಿಬ್ಬರೇ. ನಾನು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ನೆಟ್ಟಗೆ ನಿಂತೆ.

"ಬ್ಯೂಲಾ ಮೇ ವರ್ದೆನ್ ತೀರಿಕೊಂಡಿದ್ದಾರೆ. ಈ ಮತ ಎಣಿಕೆಗೆ ಸೇರುವುದಿಲ್ಲ."

ಎಲ್ವಿನ್ ಟೋಪಿ ತೆಗೆದರು.